ಆರು ಚಕ್ರದ ಮನೆ, ಅಮ್ಮನ ಮೂಗು

ಅಮೆರಿಕದಲ್ಲಿ ಆರ್‌ವಿ ಕೊಳ್ಳಬೇಕು ಅಂತ ಒಮ್ಮೆ ಬಾಯಿ ಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ನಮ್ಮ ಒಹಾಯೋ ರಾಜ್ಯದ ಕೊಲಂಬಸ್‌ನ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮನೆಯವರು ಮೆಲ್ಲಗೆ ಈ ವಿಷಯ ಎತ್ತಿದರು. ತಟ್ಟೆಗೆ ಹೋಳಿಗೆ ಬೀಳುವಷ್ಟರಲ್ಲಿ ಅವರಿಗೆ ಒಂದಷ್ಟು ಬ್ರ್ಯಾಂಡುಗಳ ಹೊಗಳಿಕೆ, ಅದೇ ಬ್ರ್ಯಾಂಡುಗಳ ತೆಗಳಿಕೆ, ಮತ್ತು "ಸುಮ್ನೆ ಹೋಟೆಲ್ ರೂಮ್ ಮಾಡ್ಕೊಳ್ಳಿ ಸಾರ್" ಎನ್ನುವ ಒಂದು ಬುದ್ಧಿಮಾತು ಸಿಕ್ಕಿತ್ತು. ಆ ಬುದ್ಧಿಮಾತು ಹೇಳಿದವರು ಆರ್‌ವಿ ಇಟ್ಟುಕೊಂಡು, ಮಾರಿ, ಈಗ ನೆಮ್ಮದಿಯಾಗಿರುವವರು. ಅವರ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಆರ್‌ವಿ ಅಂದರೆ ಓಡಾಡುವ ಮನೆ. ಒಲೆ, ಹಾಸಿಗೆ, ಬಚ್ಚಲು, ಕಕ್ಕಸು ಎಲ್ಲ ಚಕ್ರದ ಮೇಲೆ. ಅದಕ್ಕೇ ಎಂಜಿನ್ ಇದ್ದರೆ ಮೋಟಾರ್‌ಹೋಮ್. ಇಲ್ಲದಿದ್ದರೆ ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೇಲರ್. ಮೋಟಾರ್‌ಹೋಮ್‌ನಲ್ಲಿ ಎ, ಬಿ, ಸಿ ಅಂತ ಮೂರು ಜಾತಿ. ಎ ಬಸ್ಸಿನಷ್ಟು ದೊಡ್ಡದು. ಬಿ ವ್ಯಾನಿನಷ್ಟು ಚಿಕ್ಕದು. ಸಿ ಮಧ್ಯದ್ದು, ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿದ ಅಟ್ಟ ಇರುವಂಥದ್ದು. ದೊಡ್ಡದು, ಚಿಕ್ಕದು, ಮಧ್ಯದ್ದು! ಈ ಕ್ರಮ ಮಾಡಿದವರಿಗೆ ಒಂದನೇ ಕ್ಲಾಸಿನಲ್ಲಿ ಪಾಠ ಹೇಳಿದ ಮೇಷ್ಟ್ರು ಯಾರೋ ಗೊತ್ತಿಲ್ಲ.

ನಮ್ಮನೆಯವರು ಸಾಫ್ಟ್‌ವೇರ್ ಮನುಷ್ಯ. ತರಕಾರಿ ತರುವುದಕ್ಕೂ ಎಕ್ಸೆಲ್ ಶೀಟ್ ತೆರೆಯುವವರು. ಆರ್‌ವಿಗೆ ತೆರೆದ ಶೀಟು ಟಿ.ವಿ. ಪರದೆಯ ಆಚೆಗೂ ಹೋಗುತ್ತಿತ್ತು. ಉದ್ದ, ತೂಕ, ಎಂಜಿನ್, ಮೈಲೇಜು, ಎಷ್ಟು ಜನ ಮಲಗಬಹುದು, ಸೋಲಾರ್ ಇದೆಯೋ ಇಲ್ಲವೋ, ಹೊರಗಡೆ ಟಿ.ವಿ. ಇದೆಯೋ ಇಲ್ಲವೋ. ಆ ಹೊತ್ತಿಗೆ ಸರಿಯಾಗಿ ಊರಿನಿಂದ ಅಮ್ಮ ಬಂದಿದ್ದರು. ಚಹಾ ಲೋಟ ಹಿಡಿದು ಶೀಟನ್ನು ಎಡದಿಂದ ಬಲಕ್ಕೆ ಶಾಂತವಾಗಿ ಓದಿದರು.

"ಎಲ್ಲಾ ಬರ್ದಿದೀರಿ ಅಳಿಯಂದಿರು. ಸೋರತ್ತೋ ಇಲ್ವೋ ಅಂತ ಎಲ್ಲಿದೆ?"

ಆ ಕಾಲಂ ಇರಲಿಲ್ಲ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಅಮ್ಮನ ತವರು ಆಗುಂಬೆಯ ಹತ್ತಿರ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಾಗ. ಅಲ್ಲಿ ಮನೆ ಚೆನ್ನಾಗಿದೆ ಅಂದರೆ ಸೋರುವುದಿಲ್ಲ ಅಂತ ಅರ್ಥ, ಬೇರೆ ಯಾವ ಅರ್ಥವೂ ಇಲ್ಲ. ನಮ್ಮನೆಯವರು ದಾವಣಗೆರೆ ಕಡೆಯವರು. ಅಲ್ಲಿ ಸೂರು ಇರುವುದು ಬಿಸಿಲಿಗೆ. ಹಾಗಾಗಿ ಅತ್ತೆಯ ಪ್ರಶ್ನೆಗೆ ಅವರು ನಕ್ಕು, "ಅತ್ತೆ, ಇದು ಫ್ಯಾಕ್ಟರಿಲಿ ಮಾಡಿದ್ದು, ಸೋರಲ್ಲ" ಅಂದರು. ಅಮ್ಮ ಏನೂ ಹೇಳಲಿಲ್ಲ. ಮಲೆನಾಡಿನವರು ಏನೂ ಹೇಳದಿದ್ದಾಗ ಸ್ವಲ್ಪ ಹೆದರಬೇಕು.

ಮೊದಲು ಟ್ರೇಲರ್ ಅಗ್ಗ ಅಂತ ಅತ್ತ ಹೋದೆವು. ನಮ್ಮಲ್ಲಿರುವುದು ಎಲ್ಲ ದೇಸಿ ಮನೆಗಳಲ್ಲಿರುವ ಮಿನಿವ್ಯಾನ್. ಅದು ಎಳೆಯಬಹುದಾದ ತೂಕ 3,500 ಪೌಂಡ್, ಅಂದರೆ ಒಂದು ಸಾವಿರದ ಆರುನೂರು ಕಿಲೋ ಹತ್ತಿರ. ಅಮ್ಮ ಕಾಲು ಚಾಚಿ ಮಲಗುವಂಥ, ಬಚ್ಚಲಿರುವ ಟ್ರೇಲರುಗಳು ನಮಗೆ ಸಿಕ್ಕಿದ್ದೆಲ್ಲ ಅದಕ್ಕಿಂತ ಭಾರ. "ಪಿಕಪ್ ಟ್ರಕ್ ತಗೊಂಡ್ರೆ ಆಯ್ತು" ಅಂದ ಸೇಲ್ಸ್‌ಮನ್, ಪಾಯಸಕ್ಕೆ ಗೋಡಂಬಿ ಹಾಕಿದರಾಯ್ತು ಎನ್ನುವಷ್ಟು ಹಗುರವಾಗಿ. ಟ್ರೇಲರಿನ ಬೆಲೆಗಿಂತ ಟ್ರಕ್ಕಿನ ಬೆಲೆ ಜಾಸ್ತಿ. ಅಲ್ಲಿಗೆ ಟ್ರೇಲರ್ ಸಾಲುಗಳೆಲ್ಲ ಶೀಟಿನಲ್ಲಿ ಕೆಂಪಾದವು.

ಇನ್ನು ಎ ಬೇಡ, ಅದನ್ನು ಓಡಿಸಲು ಧೈರ್ಯವಿಲ್ಲ. ಬಿ ಬೇಡ, ಅದರಲ್ಲಿ ಬಚ್ಚಲೂ ಕಕ್ಕಸೂ ಒಂದೇ ಪೆಟ್ಟಿಗೆ. ಉಳಿದದ್ದು ಸಿ. ಕೊಳ್ಳುವ ಮೊದಲು ಒಂದನ್ನು ಬಾಡಿಗೆಗೆ ತಗೊಂಡು ನೋಡೋಣ ಅಂತ ನಾನು ಹಟ ಹಿಡಿದೆ. ಈ ಇಡೀ ಕತೆಯಲ್ಲಿ ಯಾರಾದರೂ ಬುದ್ಧಿವಂತಿಕೆ ತೋರಿಸಿದ್ದರೆ ಅದು ಅಮ್ಮ ಬಿಟ್ಟರೆ ನಾನೇ, ಇದನ್ನು ದಾಖಲಿಸಿಬಿಡುತ್ತೇನೆ.

ಹಾಕಿಂಗ್ ಹಿಲ್ಸ್ ಕಾಡಿನ ಕ್ಯಾಂಪ್‌ಗೆ ಹೋದೆವು. ಜಾಹೀರಾತಿನಲ್ಲಿ "ಎಂಟು ಜನ ಮಲಗಬಹುದು" ಅಂತಿತ್ತು. ಆ ಎಂಟರಲ್ಲಿ ಇಬ್ಬರು ಊಟದ ಮೇಜಿನ ಮೇಲೆ. ಮೇಜನ್ನು ತಗ್ಗಿಸಿ, ಮೇಲೆ ಕುರ್ಚಿಯ ದಿಂಬುಗಳನ್ನು ಜೋಡಿಸಿದರೆ ಅದೇ ಹಾಸಿಗೆ. ನಾವು ನಾಲ್ಕು ಜನರಿಗೇ ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಮದುವೆ ಮನೆಯಲ್ಲಿ ಜಮಖಾನೆಯ ಮೇಲೆ ಮಲಗಿ ಬೆಳೆದ ನನಗೇ ಇದು ಜಾಸ್ತಿ ಅನ್ನಿಸಿತು.

ಬೆಳಗ್ಗೆ ಅಮ್ಮ ದೋಸೆಗೆ ಕಾವಲಿ ಇಟ್ಟರು. ಹಿಟ್ಟು ಹೊಯ್ದು ಸೌಟಿನಲ್ಲಿ ತಿರುವಿದರು. ದೋಸೆ ದುಂಡಗಾಗಲಿಲ್ಲ. ನಿಧಾನವಾಗಿ, ಮರ್ಯಾದೆಯಿಂದ, ಬಲಗಡೆಗೆ ಸರಿಯಿತು. ಎಡ ಅಂಚು ಕಾಗದದಷ್ಟು ತೆಳು, ಬಲ ಅಂಚು ಸೆಟ್ ದೋಸೆ. ಅಮ್ಮ ಕಾವಲಿ ತಿರುಗಿಸಿ ಇನ್ನೊಂದು ಹೊಯ್ದರು. ಅದೂ ಬಲಕ್ಕೇ ಹೋಯಿತು. "ಗಾಡಿ ಓರೆ ನಿಂತಿದೆ" ಅಂದರು. ನಮ್ಮನೆಯವರು ಮೊಬೈಲ್‌ನಲ್ಲಿ ಆ್ಯಪ್ ತೆರೆದು ನೆಲದ ಮೇಲಿಟ್ಟು ನೋಡಿದರು. ಹೌದು, ಓರೆ.

ಅದು ಬರೀ ದೋಸೆಯ ಪ್ರಶ್ನೆಯಲ್ಲ. ಆರ್‌ವಿಗಳಲ್ಲಿ ಬಹಳ ಕಾಲದಿಂದ ಇರುವ ಒಂದು ಬಗೆಯ ಫ್ರಿಜ್‌ಗೆ ಕಂಪ್ರೆಸರ್ ಇರುವುದಿಲ್ಲ. ಒಳಗೆ ಅಮೋನಿಯಾ ಇರುತ್ತದೆ. ಗ್ಯಾಸ್ ಜ್ವಾಲೆಯಿಂದ ಕಾಯಿಸಿದರೆ ಅದು ಕೊಳವೆಗಳಲ್ಲಿ ಹತ್ತಿ ಇಳಿದು ಪೆಟ್ಟಿಗೆಯನ್ನು ತಂಪು ಮಾಡುತ್ತದೆ. ಬೆಂಕಿಯಿಂದ ತಂಪು! ಆದರೆ ಆ ದ್ರವ ತನ್ನ ಪಾಡಿಗೆ ಇಳಿಜಾರಿನಲ್ಲಿ ಹರಿಯಬೇಕು, ತಳ್ಳುವ ಪಂಪು ಇಲ್ಲ. ಗಾಡಿ ಓರೆ ನಿಂತರೆ ಹರಿಯುವುದಿಲ್ಲ, ಫ್ರಿಜ್ ಹಾಳಾಗುತ್ತದೆ. ನಮ್ಮ ಮೊಸರು ರಾತ್ರಿಯೇ ಹುಳಿಯಾಗಿತ್ತು. ದೋಸೆ ಹೇಳುವವರೆಗೆ ಕಾರಣ ಗೊತ್ತಾಗಿರಲಿಲ್ಲ. ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಇಟ್ಟು ಗಾಡಿ ಹತ್ತಿಸಿದೆವು. ಮುಂದಿನ ದೋಸೆ ದುಂಡಗೆ ಬಂತು.

ಆಮೇಲೆ ಕರೆಂಟು. ಕ್ಯಾಂಪಿನ ಕಂಬದಿಂದ ನಮ್ಮ ಗಾಡಿಗೆ ಬರುವುದು 30 ಆಂಪಿಯರ್, 120 ವೋಲ್ಟ್. ಗುಣಿಸಿದರೆ 3,600 ವ್ಯಾಟ್. ಎ.ಸಿ. ಒಂದೂವರೆ ಸಾವಿರ ತಿನ್ನುತ್ತದೆ. ನೀರು ಕಾಯಿಸುವ ಕೆಟಲ್ ಇನ್ನೊಂದೂವರೆ ಸಾವಿರ. ಅಮ್ಮ ಚಟ್ನಿಗೆ ಮಿಕ್ಸಿ ಒತ್ತಿದರು. ಟಪ್. ಎಲ್ಲವೂ ಕತ್ತಲೆ. "ಊರಲ್ಲಿ ಕರೆಂಟಿನವರು ತೆಗೀತಾರೆ, ಇಲ್ಲಿ ನಾವೇ ತೆಕ್ಕೋಬೇಕು" ಅಂದರು ಅಮ್ಮ. ಒಗ್ಗರಣೆಗೆ ಹೊಗೆ ಅಲಾರಂ ಕೂಗಿದ್ದು ಹೇಳಲೇಬೇಕಾಗಿಲ್ಲ. ಅಮೆರಿಕದಲ್ಲಿ ನಮ್ಮವರ ಮನೆಯಲ್ಲಿ ಅದು ಕೂಗದಿದ್ದರೆ ಅಡುಗೆ ಆಗಿಲ್ಲ ಅಂತಲೇ ಲೆಕ್ಕ.

ಇನ್ನು ಕಕ್ಕಸಿನ ಮಾತು. ಊಟ ಮಾಡುತ್ತಾ ಓದುತ್ತಿರುವವರು ಈ ಪ್ಯಾರಾ ಬಿಡಬಹುದು. ಗಾಡಿಯ ಕೆಳಗೆ ಮೂರು ಟ್ಯಾಂಕ್. ಒಳ್ಳೆ ನೀರಿನದು ಒಂದು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಹೋಗುವ ಗ್ರೇ ಟ್ಯಾಂಕ್ ಒಂದು. ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್ ಇನ್ನೊಂದು. ನೀರು ಉಳಿಸಬೇಕು, ಕಡಿಮೆ ಬಳಸಿ ಅಂತ ನಮ್ಮನೆಯವರು ಎಲ್ಲರಿಗೂ ಪಾಠ ಮಾಡಿದ್ದರು. ಅಮ್ಮ ಮಾತ್ರ ತಮ್ಮ ಚೊಂಬನ್ನು ಬಿಡಲಿಲ್ಲ. ಅಳಿಯ ಒಳಗೊಳಗೇ ಸಂಕಟಪಟ್ಟರು. ಆದರೆ ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ ಪಕ್ಕದ ಗಾಡಿಯ ಅಜ್ಜ ಒಬ್ಬರು ವಿವರಿಸಿದರು: ಬ್ಲ್ಯಾಕ್ ಟ್ಯಾಂಕಿಗೆ ನೀರು ಧಾರಾಳವಾಗಿ ಹೋಗಬೇಕು, ಉಳಿಸಲು ಹೋದರೆ ಗಟ್ಟಿ ಪದಾರ್ಥ ಕೆಳಗೆ ಗುಡ್ಡೆಯಾಗಿ ಕೂರುತ್ತದೆ, ಆಮೇಲೆ ಯಾವ ದೇವರೂ ಅದನ್ನು ಅಲ್ಲಾಡಿಸುವುದಿಲ್ಲ. ಚೊಂಬಿಗೆ ಜಯವಾಯಿತು. ನಮ್ಮನೆಯವರು ಕೈಗವಸು ಹಾಕಿಕೊಂಡು, ಮುಖ ಆಚೆ ತಿರುಗಿಸಿ, ಕೊಳವೆ ಹಿಡಿದು ನಿಂತಿದ್ದ ಫೋಟೋ ಮಗಳ ಹತ್ತಿರ ಇದೆ. ಅದನ್ನು ಅವಳು ಯಾವಾಗ ಬೇಕೋ ಆವಾಗ ಬಳಸುತ್ತಾಳೆ.

ಇಷ್ಟಾದರೂ ಆಸೆ ಹೋಗಲಿಲ್ಲ. ಇದೇ ಆರ್‌ವಿಯ ವಿಚಿತ್ರ. ವಾಪಸ್ ಬಂದು ಶೀಟಿಗೆ ಹೊಸ ಕಾಲಂ ಸೇರಿತು: ದೋಸೆ.

ಎಲ್ಲಿ ಹುಟ್ಟುತ್ತವೋ ಅಲ್ಲೇ ನೋಡಿಬಿಡೋಣ ಅಂತ ಇಂಡಿಯಾನಾದ ಎಲ್ಕ್‌ಹಾರ್ಟ್‌ಗೂ ಹೋದೆವು. ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಆ ಊರಿನ ಸುತ್ತಮುತ್ತ. ಅಲ್ಲಿ ಆರ್‌ವಿಗಳಿಗೇ ಒಂದು ಮ್ಯೂಸಿಯಂ ಇದೆ. 1913ರ ಟ್ರೇಲರ್ ಇದೆ. ಹಾಲಿವುಡ್ ನಟಿ ಮೇ ವೆಸ್ಟ್‌ಗೆ ಅಂತ ಮಾಡಿಸಿದ 1931ರ ಷೆವರ್ಲೆ ಮನೆಗಾಡಿ ಇದೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತು ಚಾವಣಿಯ ಅಂಚನ್ನೇ ನೋಡುತ್ತಿದ್ದರು.

ಹೊರಗೆ ರಸ್ತೆಯಲ್ಲಿ ಕುದುರೆಗಾಡಿಗಳು ಓಡಾಡುತ್ತಿದ್ದವು. ಕಪ್ಪು ಬಣ್ಣದ ಗಾಡಿ, ಗಡ್ಡ ಬಿಟ್ಟ ಗಂಡಸರು, ಟೋಪಿ ಕಟ್ಟಿದ ಹೆಂಗಸರು. ಆಮಿಷ್ ಎನ್ನುವ ಕ್ರೈಸ್ತ ಪಂಗಡದ ಜನ. ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕಂಬದ ಕರೆಂಟು ಎಳೆಸುವುದಿಲ್ಲ. ಆದರೆ ಆ ಭಾಗದ ಆರ್‌ವಿ ಫ್ಯಾಕ್ಟರಿಗಳಲ್ಲಿ ದುಡಿಯುವವರಲ್ಲಿ ತುಂಬ ಜನ ಅವರೇ. ಮನೆಯಲ್ಲಿ ದೀಪದ ಬೆಳಕು, ಕೆಲಸದಲ್ಲಿ ಎಲೆಕ್ಟ್ರಿಕ್ ಅಗ್ಗಿಷ್ಟಿಕೆ, ಎರಡು ಟಿ.ವಿ. ಇರುವ ಮೋಟಾರ್‌ಹೋಮ್. "ಮರಗೆಲಸ ಗೊತ್ತಿರೋ ಜನ, ಹಂಗಾದ್ರೆ ಗಟ್ಟಿ ಮಾಡಿರ್ಬೇಕು ಅಲ್ವಾ?" ಅಂದರು ಅಮ್ಮ. ಮಾಡುವವರ ಕೈ ಗಟ್ಟಿ ಇರಬಹುದು, ಮಾಡಿಸುವವರ ಅವಸರ ಅದಕ್ಕಿಂತ ಗಟ್ಟಿ. ಕೊರೊನಾ ಸಮಯದಲ್ಲಿ ಎಲ್ಲರಿಗೂ ಒಮ್ಮೆಗೇ ಆರ್‌ವಿ ಬೇಕಾಯಿತು. 2021ರಲ್ಲಿ ಫ್ಯಾಕ್ಟರಿಗಳಿಂದ ಹೊರಬಿದ್ದದ್ದು 6 ಲಕ್ಷ ಗಾಡಿ, ಅಲ್ಲಿಯವರೆಗೆ ಯಾವ ವರ್ಷವೂ ಆಗದಷ್ಟು. 2023ರ ಹೊತ್ತಿಗೆ ಅದು 3 ಲಕ್ಷದ ಆಸುಪಾಸಿಗೆ ಇಳಿಯಿತು. ಆ ಅವಸರದ ಬೆಳೆ ಈಗ ಸೆಕೆಂಡ್‌ಹ್ಯಾಂಡ್ ಅಂಗಳದಲ್ಲಿ ನಿಂತಿದೆ. ನಾನಾದರೆ ಆ ವರ್ಷದ ಗಾಡಿಯ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ನೋಡದೆ ದುಡ್ಡು ಕೊಡುವುದಿಲ್ಲ.

ಹೊಸದೇ ತಗೊಂಡ್ರೆ ವಾರಂಟಿ ಇರುತ್ತಲ್ಲ ಅಂತ ನೀವು ಕೇಳಬಹುದು. ನಾವೂ ಕೇಳಿದೆವು. ಎಂಜಿನ್ ಮತ್ತು ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಒಂದು ಕಂಪನಿಯದು. ಅದರ ಮೇಲೆ ಮನೆ ಕಟ್ಟಿದ್ದು ಇನ್ನೊಂದು ಕಂಪನಿ. ಫ್ರಿಜ್ ಮತ್ತೊಬ್ಬರದು, ಎ.ಸಿ. ಮಗದೊಬ್ಬರದು. ಒಂದೊಂದಕ್ಕೆ ಒಂದೊಂದು ವಾರಂಟಿ ಪುಸ್ತಕ. ಪರಿಚಯದವರೊಬ್ಬರ ಹೊಸ ಗಾಡಿಯಲ್ಲಿ ಓಡಿಸುವಾಗ ಎಲ್ಲೋ ಕಿರ್ರ್ ಅನ್ನುವ ಸದ್ದು. ಚಾಸಿಯವರು ಮನೆಯದು ಅಂದರು, ಮನೆಯವರು ಚಾಸಿಯದು ಅಂದರು. ಕೊನೆಗೆ ಅವರು ರೇಡಿಯೋ ಜೋರಾಗಿ ಹಾಕಿಕೊಂಡು ಓಡಿಸುವುದನ್ನು ಕಲಿತರು. ಇನ್ನು ಕಾನೂನು. ಹೊಸ ಗಾಡಿ ಪದೇಪದೇ ಕೆಟ್ಟರೆ ಕಂಪನಿ ವಾಪಸ್ ತಗೋಬೇಕು ಎನ್ನುವ ಕಾನೂನು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಇಂಡಿಯಾನಾದಲ್ಲೂ ಇದೆ. ಆದರೆ ಇಂಡಿಯಾನಾದ ಕಾನೂನಿನಲ್ಲಿ ಮೋಟಾರ್‌ಹೋಮ್‌ಗೆ ಇದು ಅನ್ವಯಿಸುವುದಿಲ್ಲ ಅಂತ ಬರೆದಿದೆ. ದೇಶಕ್ಕೆಲ್ಲ ಮೋಟಾರ್‌ಹೋಮ್ ಮಾಡಿಕೊಡುವ ರಾಜ್ಯದಲ್ಲಿ! ಇದನ್ನು ಓದಿದ ದಿನ ನಮ್ಮನೆಯವರು ರಾತ್ರಿ ಊಟಕ್ಕೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಹಾಗಾಗಿ ಹಳೆಯದು. ಒಬ್ಬ ಡೀಲರ್ ಅಂಗಳದಲ್ಲಿ ಒಂದು ಗಾಡಿ ಸಿಕ್ಕಿತು. ಶೀಟಿನ ಎಲ್ಲ ಕಾಲಂಗೂ ಹಸಿರು. ಕಡಿಮೆ ಓಡಿದೆ, ಒಳಗೆ ಬಿಳಿ ಬೀರುಗಳು, ಪಟ್ಟನೆ ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಜರುಗಿ ಕೋಣೆ ಅಗಲವಾಗುತ್ತದೆ. ಮಗಳು ಆಗಲೇ ಅಟ್ಟದ ಹಾಸಿಗೆ ಹತ್ತಿ ತನ್ನದು ಅಂದಿದ್ದಳು. ಅಮ್ಮ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೇಲ್ಸ್‌ಮನ್ ಅದನ್ನು ನೋಡಿ ತಾನೂ ಬೂಟು ಬಿಚ್ಚಬೇಕೋ ಏನೋ ಅಂತ ಗೊಂದಲಕ್ಕೆ ಬಿದ್ದ.

ಒಳಗೆ ಘಮ್ಮನೆ ವೆನಿಲಾ ವಾಸನೆ. ಅಮ್ಮ ಬಾಗಿಲಲ್ಲೇ ನಿಂತರು.

"ಇಷ್ಟು ಸೆಂಟು ಎಂತಕ್ಕೆ ಹೊಡ್ದಿದಾರೆ ಮಾರಾಯ್ತಿ?"

ಟಿ.ವಿ. ನೋಡಲಿಲ್ಲ, ಸೋಫಾ ನೋಡಲಿಲ್ಲ. ಸೀದಾ ಹಿಂದಿನ ಕೋಣೆಗೆ ಹೋಗಿ, ಮಂಚದ ಕೆಳಗಿನ ಕಪಾಟಿನ ಬಾಗಿಲು ತೆಗೆದು, ಮಂಡಿಯೂರಿ ತಲೆ ಒಳಗೆ ಹಾಕಿದರು. ಸೆರಗು ಮಾತ್ರ ಹೊರಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ಶಬ್ದವಿಲ್ಲ. ಆಮೇಲೆ ಒಳಗಿನಿಂದ ಒಂದೇ ಮಾತು ಬಂತು: "ಮುಗ್ಗಲು."

ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಗೋಡೆ ಒಳಕ್ಕೆ ಹೋಯಿತು, ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಅಲ್ಲೇ ಹಲಗೆಯ ಮೇಲೆ ಕಂದು ಬಣ್ಣದ ಕಲೆ, ಕರ್ನಾಟಕದ ನಕ್ಷೆಯಂತೆ, ಬೀದರ್ ಕಡೆ ಸ್ವಲ್ಪ ಜಾಸ್ತಿ ಚಾಚಿತ್ತು. "ಹವಾಮಾನದ ತೇವ ಅಷ್ಟೇ" ಅಂದ ಸೇಲ್ಸ್‌ಮನ್. ನಾನು ಅನುವಾದ ಮಾಡುವ ಮೊದಲೇ ಅಮ್ಮ, "ಸುಳ್ಳು ಅನ್ನು" ಅಂದರು.

ಹೊರಗೆ ಹೋಗಿ ಅದೇ ಮೂಲೆಯನ್ನು ಬಿಸಿಲಿಗೆ ಓರೆಯಾಗಿ ನೋಡಿದೆವು. ಫೈಬರ್‌ಗ್ಲಾಸ್ ಹೊದಿಕೆ ಅಲ್ಲಲ್ಲಿ ಉಬ್ಬಿತ್ತು. ಈ ಗಾಡಿಗಳ ಗೋಡೆ ಅಂದರೆ ತೆಳು ಪ್ಲೈವುಡ್‌ಗೆ ಅಂಟಿಸಿದ ಫೈಬರ್‌ಗ್ಲಾಸ್ ಹಾಳೆ. ಸೂರಿನ ಅಂಚಿನಿಂದಲೋ ಕಿಟಕಿಯ ಸಂದಿನಿಂದಲೋ ನೀರು ಇಳಿದರೆ ಪ್ಲೈವುಡ್ ಕೊಳೆಯುತ್ತದೆ, ಅಂಟು ಬಿಡುತ್ತದೆ, ಹಾಳೆ ಉಬ್ಬುತ್ತದೆ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಸರಿಮಾಡುತ್ತಾನೆ. ಗೋಡೆ ಕೊಳೆತರೆ ಗಾಡಿಯನ್ನೇ ಬಿಚ್ಚಿ ಕಟ್ಟಬೇಕು. ಶೀಟಿನಲ್ಲಿ ಹೊಸ ಕಾಲಂ ಬಂತು, ಎಲ್ಲಕ್ಕಿಂತ ಮೊದಲನೆಯದಾಗಿ: ಮುಗ್ಗಲು.

ಅತ್ತೆಯ ಮೂಗನ್ನು ಎಲ್ಲ ಕಡೆ ಕರೆದುಕೊಂಡು ಹೋಗಲು ಆಗುವುದಿಲ್ಲ ಅಂತ ನಮ್ಮನೆಯವರು ತೇವ ಅಳೆಯುವ ಮೀಟರ್ ತರಿಸಿದರು. ಗೋಡೆಗೆ ಒತ್ತಿದರೆ ಒಳಗೆಷ್ಟು ತೇವ ಇದೆ ಅಂತ ತೋರಿಸುತ್ತದೆ. ಅದು ಸರಿಯಿದೆಯಾ ಅಂತ ಪರೀಕ್ಷಿಸಲು ಮೊದಲು ನಮ್ಮ ಮನೆಯ ಗೋಡೆಗಳಿಗೇ ಒತ್ತುತ್ತಾ ಬಂದರು. ಹಾಲ್ ಸರಿ. ಅಡುಗೆಮನೆ ಸರಿ. ಮೇಲಿನ ಬಚ್ಚಲಿನ ಗೋಡೆಗೆ ಒತ್ತಿದಾಗ ಮೀಟರ್ ಬಡಿದುಕೊಂಡಿತು. ಪ್ಲಂಬರ್ ಬಂದ, ಗೋಡೆ ಒಡೆದ, ಒಳಗೆ ಪೈಪು ಎಷ್ಟೋ ಕಾಲದಿಂದ ತೊಟ್ಟಿಕ್ಕುತ್ತಿತ್ತು. ಆರ್‌ವಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಭಾಗ ಚಕ್ರ ಇಲ್ಲದ ಮನೆಗೆ ಹೋಯಿತು. "ನಾನು ಬಂದ ದಿನವೇ ಹೇಳ್ದೆ, ಬಚ್ಚಲು ಒಂಥರಾ ವಾಸನೆ ಅಂತ. ಯಾರು ಕೇಳ್ತೀರಿ?" ಅಂದರು ಅಮ್ಮ. ಹೇಳಿದ್ದು ನಿಜ.

ಮುಂದಿನ ಪಾಠ ಟೈರಿನದು. ಆರ್‌ವಿ ಮಾರುವವರೆಲ್ಲ "ಟೈರ್ ಹೊಸದರಂತಿದೆ" ಅನ್ನುತ್ತಾರೆ. ಮೇಲಿನ ಗೀರು ನೋಡಿದರೆ ಹೌದು, ಸವೆದೇ ಇಲ್ಲ. ಓಡಿದರೆ ತಾನೆ ಸವೆಯುವುದು? ಟೈರಿನ ಪಕ್ಕದಲ್ಲಿ ಸಣ್ಣದಾಗಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2317 ಅಂತಿದ್ದರೆ 2017ನೇ ವರ್ಷದ 23ನೇ ವಾರ ಮಾಡಿದ್ದು. ನಿಂತಲ್ಲೇ ನಿಂತು ರಬ್ಬರ್ ಒಣಗಿ ಬಿರಿದಿರುತ್ತದೆ, ಹೆದ್ದಾರಿಯಲ್ಲಿ ಹಾರಿಹೋಗುತ್ತದೆ. ಕೆಲವು ಟೈರುಗಳಲ್ಲಿ ಆ ಅಂಕಿ ಒಳಮೈಗೆ ಇರುತ್ತದೆ. ಹಾಗಾಗಿ ನಮ್ಮನೆಯವರು ಹೋದಲ್ಲೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಡಿಯ ಕೆಳಗೆ ತೆವಳುತ್ತಿದ್ದರು. ಅಪರಿಚಿತರ ಅಂಗಳದಲ್ಲಿ ಗಂಡನ ಎರಡು ಕಾಲು ಮಾತ್ರ ಕಾಣುತ್ತಿರುವಾಗ ಮಾಲೀಕರ ಜೊತೆ ಹವಾಮಾನ ಮಾತಾಡುವ ಕಲೆ ನನಗೆ ಕೈಗೂಡಿತು.

ಜನರೇಟರಿನದೂ ಇದೇ ಕತೆ. ಮೀಟರಿನಲ್ಲಿ ಕಡಿಮೆ ಗಂಟೆ ಓಡಿದೆ ಅಂದರೆ ಖುಷಿಪಡಬಾರದು. ತಿಂಗಳಿಗೊಮ್ಮೆಯಾದರೂ ಎ.ಸಿ. ಹಾಕಿ ಸ್ವಲ್ಪ ಹೊತ್ತು ಓಡಿಸದಿದ್ದರೆ ಒಳಗೆ ಪೆಟ್ರೋಲ್ ಜಿಗುಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಕಾರಿಗೆ ಕಡಿಮೆ ಓಡಿದ್ದು ಗುಣ, ಆರ್‌ವಿಗೆ ಅದೇ ರೋಗ. ನಮ್ಮನೆಯವರ ಶೀಟಿನಲ್ಲಿ ಹಸಿರು ಇದ್ದ ಎಷ್ಟೋ ಸಾಲುಗಳು ಹೀಗೆ ಕೆಂಪಾದವು.

ಕೊನೆಗೆ ಸಿಕ್ಕಿದ್ದು ಒಬ್ಬ ನಿವೃತ್ತ ದಂಪತಿಯ ಗಾಡಿ. ಸಿ ಜಾತಿಯದು, 24 ಅಡಿ. ಹಳೆಯದು. ಪರದೆಗಳ ಬಣ್ಣ ನಮ್ಮ ಹೈಸ್ಕೂಲ್ ಸಭಾಂಗಣದ ಪರದೆಯದು. ಹೊರಗೆ ಟಿ.ವಿ. ಇಲ್ಲ, ಒಳಗಿನದೂ ಹಳೆ ಡಬ್ಬ. ಮಗಳ ಮುಖ ಇಳಿಯಿತು. ನಮ್ಮನೆಯವರದೂ ಇಳಿಯಿತು, ಬೇರೆ ಕಾರಣಕ್ಕೆ. ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಬೆಟ್ಟದ ರಸ್ತೆಯಲ್ಲಿ ಸ್ವಂತ ಆರ್‌ವಿ ಓಡಿಸಬೇಕು ಎನ್ನುವುದು ಅವರ ಕನಸು. ಆ ರಸ್ತೆಯ ಮಧ್ಯಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಮೂರು ಅಡಿಗೆ ಕನಸು ತಪ್ಪಿತು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಕಪಾಟುಗಳಿಗೆ ತಲೆ ಹಾಕಿದರು. ಹೊರಗೆ ಬಂದು, "ಹಳೇ ಬಟ್ಟೆ ವಾಸನೆ ಇದೆ, ಕಾಫಿ ವಾಸನೆ ಇದೆ. ಮುಗ್ಗಲು ಇಲ್ಲ" ಅಂದರು. ಮಾಲೀಕ ಅಜ್ಜ ಒಂದು ದಪ್ಪ ಫೈಲು ತಂದರು. ಎಣ್ಣೆ ಬದಲಿಸಿದ ರಸೀದಿ, ಟೈರಿನ ರಸೀದಿ, ಎಲ್ಲಕ್ಕಿಂತ ಜಾಸ್ತಿ, ಸೂರಿನ ಸಂದಿಗೆ ಹಚ್ಚುವ ಸೀಲೆಂಟ್ ಟ್ಯೂಬಿನ ರಸೀದಿಗಳು. ಪ್ರತಿ ವಸಂತದಲ್ಲೂ, ಚಳಿಗಾಲಕ್ಕೆ ಮುಂಚೆಯೂ ಮೇಲೆ ಹತ್ತಿ ಬಿರುಕು ಹುಡುಕಿ ಹಚ್ಚಿದ್ದಾರೆ. ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಮುಖ ಅರಳಿಸಿ, ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಒಡೆದ ಹೆಂಚು ಹೇಗೆ ಬದಲಿಸುತ್ತಾರೆ ಅಂತ ಅಜ್ಜನಿಗೆ ಕೈಸನ್ನೆಯಲ್ಲಿ ತೋರಿಸಿದರು, ಕನ್ನಡದಲ್ಲೇ. ಅಜ್ಜ ತಲೆಯಾಡಿಸುತ್ತಾ ಟ್ಯೂಬು ಹೇಗೆ ಒತ್ತಬೇಕು ಅಂತ ಇಂಗ್ಲಿಷಿನಲ್ಲಿ ತೋರಿಸಿದರು. ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಅರ್ಥವಾಗದೆ ನಿಂತಿದ್ದವರು ಶೀಟ್ ಹಿಡಿದ ಅಳಿಯ.

"ಒಂದರ್ಧ ಗಂಟೆ ಮೇಲೆ ನೀರು ಬಿಡಿಸು" ಅಂದರು ಅಮ್ಮ. ಕೇಳಲು ನನಗೆ ನಾಚಿಕೆ. ಅಜ್ಜ ಖುಷಿಯಿಂದ ಗಾರ್ಡನ್ ಪೈಪು ತಂದರು. ನಮ್ಮನೆಯವರು ಏಣಿಯ ಮೇಲಿಂದ ನೀರು ಬಿಟ್ಟರು, ಅಮ್ಮ ಒಳಗೆ ಮೂಲೆಮೂಲೆಗೆ ಅಂಗೈ ಒತ್ತುತ್ತಾ ಕೂತರು. ಒಂದು ಹನಿ ಒಳಗೆ ಬರಲಿಲ್ಲ. ನಮ್ಮನೆಯವರು ಮಾತ್ರ ಪೂರಾ ನೆಂದಿದ್ದರು.

ಆದರೂ ಆರ್‌ವಿ ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿದೆವು. ಇದರಲ್ಲಿ ಜಿಪುಣತನ ಮಾಡಬಾರದು. ಡೀಲರನೇ ಪರೀಕ್ಷೆ ಮಾಡಿಸಿದ್ದೇವೆ ಅಂದರೂ ನಮ್ಮವರೊಬ್ಬರು ನೋಡಬೇಕು. ಆತ ಗ್ಯಾಸ್ ಪೈಪು ಸೋರುತ್ತದಾ ನೋಡಿದ, ಎಂಜಿನ್ ಎಣ್ಣೆಯ ಮಾದರಿ ಲ್ಯಾಬಿಗೆ ಕಳಿಸಿದ, ಬ್ರೇಕು, ಬ್ಯಾಟರಿ, ಸೂರು ಎಲ್ಲ ನೋಡಿ ಫೋಟೋ ಸಮೇತ ದೊಡ್ಡ ವರದಿ ಕೊಟ್ಟ. ಹತ್ತಾರು ಸಣ್ಣ ದೋಷ, ಸೋರಿಕೆ ಇಲ್ಲ. ಅಮ್ಮ ಹೇಳಿದ್ದೇ. ಅಮ್ಮನ ಫೀಸು ಎರಡು ಕಾಫಿ ಮಾತ್ರ.

ಬಾಗಿಲ ಹತ್ತಿರ ಹಳದಿ ಚೀಟಿ ಅಂಟಿಸಿರುತ್ತಾರೆ, ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಹೊರಬಹುದು ಅಂತ. ನಮ್ಮನೆಯವರು ಅದನ್ನು ಗೋಡೆಬರಹದಂತೆ ಓದಿ, ಮನೆಯವರನ್ನೆಲ್ಲ ತೂಕದ ಯಂತ್ರಕ್ಕೆ ಹತ್ತಿಸಿದರು. ನೀರಿನ ಟ್ಯಾಂಕೇ 40 ಗ್ಯಾಲನ್, ತುಂಬಿದರೆ 150 ಕಿಲೋ. ಅಕ್ಕಿ ಮೂಟೆ, ಕುಕ್ಕರ್, ಕಾವಲಿ, ಅಮ್ಮನ ಉಪ್ಪಿನಕಾಯಿ ಭರಣಿ. ಭರಣಿ ಬಿಡೋಣ ಅಂತ ಸಲಹೆ ಬಂತು. ಅಳಿಯಂದಿರ ಟೂಲ್ ಬಾಕ್ಸ್ ಬಿಡೋಣ ಅಂತ ಪ್ರತಿಸಲಹೆ ಬಂತು. ಎರಡೂ ಹತ್ತಿದವು. ಪೆಟ್ರೋಲ್ ಲೆಕ್ಕ ಅಮ್ಮನಿಗೆ ಹೇಳಿಲ್ಲ. ಗ್ಯಾಲನ್‌ಗೆ 8ರಿಂದ 10 ಮೈಲಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದರೆ "ಬಸ್ಸಲ್ಲಿ ಹೋಗಿ" ಅಂತಾರೆ.

ಗಾಡಿ ಮನೆ ಮುಂದೆ ಬಂದ ದಿನ ಪೂಜೆ. ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ. ನಿಂಬೆಹಣ್ಣು ನಾಲ್ಕು ತಂದಿದ್ದೆ. ಆದರೆ ಈ ಗಾಡಿಗೆ ಹಿಂದೆ ಜೋಡಿ ಚಕ್ರ, ಒಟ್ಟು ಆರು. ಜೋಡಿಗೆ ಒಂದೇ ಹಣ್ಣು ಸಾಕು ಅಂತ ನಮ್ಮನೆಯವರು. "ಒಳಗಿನ ಚಕ್ರ ಕಾಣಲ್ಲ ಅಂತ ಬಿಡಕ್ಕಾಗತ್ತಾ? ಗಾಳಿ ಇಳಿದ್ರೂ ಗೊತ್ತಾಗದೆ ಇರೋದು ಅದೇ ಅಲ್ವಾ?" ಅಂತ ಅಮ್ಮ. ಇನ್ನೆರಡು ಹಣ್ಣಿಗೆ ಮಗಳು ಪಕ್ಕದ ಮನೆಗೆ ಓಡಿದಳು. ಪಕ್ಕದ ಮನೆಯವರು ನಿಂಬೆಹಣ್ಣಿನ ಜೊತೆಗೆ ತಾವೂ ಬಂದರು, ಅವರ ನಾಯಿಯೂ ಬಂತು. ನಮ್ಮನೆಯವರು ಪಂಚೆ ಎತ್ತಿ ಕಟ್ಟಿ, ಅಭ್ಯಾಸಬಲದಿಂದ ಸಲೀಸಾಗಿ ಗಾಡಿಯ ಕೆಳಗೆ ತೆವಳಿ ಒಳಚಕ್ರಗಳಿಗೆ ಹಣ್ಣಿಟ್ಟರು. ಗಾಡಿ ಮುಂದೆ ಹೋಯಿತು. ಐದು ಹಣ್ಣು ಅಪ್ಪಚ್ಚಿಯಾಗಿದ್ದವು. ಆರನೆಯದು ನಾಯಿಯ ಬಾಯಲ್ಲಿತ್ತು. ಅದನ್ನು ಕಚ್ಚಿ, ಮುಖ ಕಿವುಚಿ, ರಸ್ತೆಯ ನಡುವೆ ಉಗುಳಿ ಓಡಿತು. ಇದಕ್ಕೆ ಪರಿಹಾರ ಏನು ಅಂತ ಅಮ್ಮ ಊರಿನ ಪುರೋಹಿತರಿಗೆ ಫೋನ್ ಹಚ್ಚಿದರು.

ಮರುವಾರ ಬಡಾವಣೆಯ ಸಂಘದಿಂದ ಪತ್ರ ಬಂತು. ದೂರು ಎರಡು. ಮನೆ ಮುಂದೆ ಆರ್‌ವಿಯನ್ನು ನಿಯಮಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದ್ದೀರಿ. ರಸ್ತೆಯ ಮೇಲೆ ಹಣ್ಣು ಎಸೆದಿದ್ದೀರಿ. ಮೊದಲನೆಯದಕ್ಕೆ ಊರಾಚೆ ತಿಂಗಳ ಬಾಡಿಗೆಯ ಜಾಗ ಹಿಡಿದಿದ್ದೇವೆ. ಎರಡನೆಯದರಲ್ಲಿ ಪಕ್ಕದ ಮನೆಯ ನಾಯಿಯ ಹೆಸರು ಬರೆಯಬಹುದಾ ಅಂತ ನಮ್ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ.